ಅಮ್ಮ "ಎಲ್ಲಾ ನಾನೇ ಮಾಡ್ಕೋತೀನಿ" ಅಂತಾಳೆ. ನಿಜಕ್ಕೂ ಎಷ್ಟು ಮಾಡ್ಕೋತಾಳೆ ಅಂತ ತಿಳಿಯೋದು ಹೇಗೆ?

ಮಾವಿನತೋಪು, ಶ್ರೀನಿವಾಸಪುರ ತಾಲ್ಲೂಕು
ಎಲ್ಲರಿಗೂ ನಮಸ್ಕಾರ. ನಾನು, ಅಣ್ಣ ಇಬ್ಬರೂ ಬೆಂಗಳೂರಲ್ಲಿ ಕೆಲಸ, ಅಕ್ಕ ಚಿಂತಾಮಣಿಲಿ. ಅಪ್ಪ ಹೋಗಿ ನಾಲ್ಕು ವರ್ಷ ಆಯ್ತು. ಅಮ್ಮನಿಗೆ 73. ಊರಲ್ಲಿ ಒಬ್ಬಳೇ ಇದಾಳೆ, ಜೊತೆಗೆ ಒಂದು ಸೀಮೆ ಹಸು.

ಹೋದ ತಿಂಗಳು ಮಂಡಿನೋವಿಗೆ ಅಂತ ಬೆಂಗಳೂರಲ್ಲಿ ಒಂದು ಆಸ್ಪತ್ರೆಗೆ ತೋರಿಸಿದ್ವಿ. ಅಲ್ಲಿ ಒಬ್ಬ ಹುಡುಗಿ ಹಾಳೆ ಇಟ್ಕೊಂಡು ಒಂದೊಂದೇ ಕೇಳಿದಳು. ಫೋನ್ ಮಾಡ್ತೀರಾ ಅಜ್ಜಿ, ಅಂಗಡಿಗೆ ಹೋಗ್ತೀರಾ, ಅಡುಗೆ ಯಾರು ಮಾಡ್ತಾರೆ, ಬಟ್ಟೆ, ಮಾತ್ರೆ, ದುಡ್ಡಿನ ಲೆಕ್ಕ. ಅಮ್ಮ ಎಲ್ಲಕ್ಕೂ "ಹೂಂ ಕಣಮ್ಮ, ಎಲ್ಲಾ ನಾನೇ ಮಾಡ್ಕೋತೀನಿ" ಅಂದಳು. ಎಂಟಕ್ಕೆ ಎಂಟು ಬಂತು. ಅಣ್ಣನಿಗೂ ಸಮಾಧಾನ, ನನಗೂ ಸಮಾಧಾನ.

ಮೊನ್ನೆ ಶನಿವಾರ ಹೇಳದೆ ಊರಿಗೆ ಹೋದೆ. ತಿಂಗಳಿಗಾಗಿ ತಂದುಕೊಟ್ಟಿದ್ದ ಬಿಪಿ ಮಾತ್ರೆ ಶೀಟುಗಳಲ್ಲಿ ಎರಡು ಒಡೆದೇ ಇಲ್ಲ. ಬಚ್ಚಲ ಒಲೆಯಲ್ಲಿ ಜೇಡ ಬಲೆ ಕಟ್ಟಿದೆ, ಅಂದ್ರೆ ಹಂಡೆ ಕಾಯಿಸಿ ಎಷ್ಟು ದಿನ ಆಯ್ತೋ. ಎರಡು ತಿಂಗಳಿಂದ ಹಾಲಿನ ದುಡ್ಡು ಬ್ಯಾಂಕಿಂದ ತೆಗೆದಿಲ್ಲ. ಕೇಳಿದ್ರೆ "ನಿಂಗ್ಯಾಕೋ ಅದೆಲ್ಲ, ಊಟ ಮಾಡು" ಅಂತಾಳೆ.

ಅಣ್ಣ ಈ ವಾರವೇ ಕರ್ಕೊಂಡು ಬರೋಣ ಅಂತಾನೆ. ಅಕ್ಕ "ಚೆನ್ನಾಗಿರೋಳನ್ನ ನೀವೇ ಕಾಯಿಲೆ ಮಾಡ್ತೀರ" ಅಂತ ಬೈತಾಳೆ. ನನಗೆ ಗೊತ್ತಾಗಬೇಕಿರೋದು ಇಷ್ಟೇ: ಆ ಹಾಳೆ ಸುಳ್ಳಾ, ಅಮ್ಮ ಸುಳ್ಳಾ, ಇಲ್ಲ ನಾವು ಕೇಳಿದ ರೀತಿಯೇ ತಪ್ಪಾ?

ಬಂಗಾರಪೇಟೆ ಪಾಸ್
ನಮ್ಮನೇಲೂ ಇದೇ ಕಥೆ ಅಣ್ಣ. ಓದ್ತಾ ಇದೀನಿ.

ನಿವೃತ್ತ ಸಿಸ್ಟರ್, ಕೋಲಾರ
ಹಾಳೆ ಸುಳ್ಳಲ್ಲಪ್ಪ, ನಿಮ್ಮಮ್ಮನೂ ಸುಳ್ಳು ಹೇಳಿಲ್ಲ. ಕೇಳಿದ ರೀತಿ ತಪ್ಪು. "ಮಾಡ್ಕೋತೀರಾ" ಅಂತ ಕೇಳಿದ್ರೆ ಯಾವ ತಾಯಿ ಇಲ್ಲ ಅಂತಾಳೆ? ಅದು ಮರ್ಯಾದೆ ಪ್ರಶ್ನೆ. ಇಲ್ಲ ಅಂದ್ರೆ ಮಕ್ಕಳು ಊರು ಬಿಡಿಸ್ತಾರೆ ಅನ್ನೋ ಭಯ ಬೇರೆ.

ಮೂವತ್ತು ವರ್ಷ ವಾರ್ಡಲ್ಲಿ ಕೆಲಸ ಮಾಡಿದೀನಿ. ನಾನು ಕೇಳ್ತಿದ್ದಿದ್ದು ಹೀಗೆ: "ನಿನ್ನೆ ಸ್ನಾನ ಎಷ್ಟೊತ್ತಿಗೆ ಮಾಡಿದ್ರಿ? ನೀರು ಯಾರು ತೋಡಿಕೊಟ್ರು? ತಲೆಗೆ ಹಾಕ್ಕೊಂಡಿದ್ದು ಯಾವಾಗ?" ನಿನ್ನೆ ಏನು ಮಾಡಿದ್ರಿ ಅಂತ ಕೇಳಬೇಕು, ಏನು ಮಾಡಬಲ್ಲಿರಿ ಅಂತಲ್ಲ. ಮಾಡೋ ಶಕ್ತಿ ಇರೋದು ಬೇರೆ, ದಿನಾ ಮಾಡೋದು ಬೇರೆ.

ಇನ್ನೊಂದು. ನಿಮಗೆ ಕೊಟ್ಟ ಎಂಟು ಪ್ರಶ್ನೆ ಹಾಳೆ ಲಾಟನ್, ಬ್ರೋಡಿ ಅನ್ನೋರು 1969ರಲ್ಲಿ ಮಾಡಿದ್ದು. ಅದು ಮನೆ ನಡೆಸೋ ಕೆಲಸಗಳದ್ದು. ಅದಕ್ಕೂ ಮುಂಚೆ 1963ರಲ್ಲಿ ಸಿಡ್ನಿ ಕಾಟ್ಜ್ ಅನ್ನೋ ವೈದ್ಯರು ಮೈಯ ಕೆಲಸಗಳದ್ದು ಮಾಡಿದ್ರು, ಅದರಲ್ಲಿ ಆರೇ: ಸ್ನಾನ, ಬಟ್ಟೆ ಉಟ್ಕೊಳ್ಳೋದು, ಕಕ್ಕಸಿಗೆ ಹೋಗೋದು, ಹಾಸಿಗೆಯಿಂದ ಎದ್ದು ಕೂರೋದು, ಮಲಮೂತ್ರ ಹಿಡಿತ, ಊಟ. ಸಾಮಾನ್ಯವಾಗಿ ಮೊದಲು ಕೈತಪ್ಪೋದು ಸ್ನಾನ, ಕೊನೇಲಿ ಊಟ. ಅದಕ್ಕೆ ನಿಮ್ಮ ಬಚ್ಚಲ ಒಲೆ ವಿಷಯ ಓದಿದಾಗ ನನಗೆ ಮಾತ್ರೆಗಿಂತ ಅದೇ ಜಾಸ್ತಿ ಚುಚ್ಚಿತು.

ತುಮಕೂರು ತೆಂಗು
ಸಿಸ್ಟರ್, ಗೌರವ ಇಟ್ಟುಕೊಂಡೇ ಹೇಳ್ತೀನಿ, ಅಮೆರಿಕದೋರ ಹಾಳೆ ತಂದು ನಮ್ಮ ಹಳ್ಳಿ ಮುದುಕರನ್ನ ಅಳೆಯೋದೇ ತಪ್ಪು. ನಮ್ಮಪ್ಪ 81. ಜನ್ಮದಲ್ಲಿ ಅನ್ನ ಇಳಿಸಿದೋರಲ್ಲ, ಬಟ್ಟೆ ಒಗೆದೋರಲ್ಲ. ದುಡ್ಡೆಲ್ಲ ಅಮ್ಮನ ಕೈಲಿ. ಆ ಹಾಳೆ ಪ್ರಕಾರ ಅವರಿಗೆ ಇಪ್ಪತ್ತೈದನೇ ವಯಸ್ಸಲ್ಲೇ ಅರ್ಧ ಸೊನ್ನೆ. ಆದ್ರೆ ಇವತ್ತಿಗೂ ನಿಂತು ಕೊಬ್ಬರಿ ತೂಕ ಹಾಕಿಸ್ತಾರೆ, ತಿಪಟೂರು ಮಾರ್ಕೆಟ್ ರೇಟು ಬಾಯಲ್ಲಿ ಹೇಳ್ತಾರೆ. ಅದಕ್ಕೆ ಎಷ್ಟು ಮಾರ್ಕು?

ನಿವೃತ್ತ ಸಿಸ್ಟರ್, ಕೋಲಾರ
ನಿಮ್ಮ ಮಾತು ಸರಿ. ಮಾಡಿದೋರಿಗೂ ಇದು ಗೊತ್ತಿತ್ತು. ಆಗ ಗಂಡಸರಿಗೆ ಅಡುಗೆ, ಮನೆಗೆಲಸ, ಬಟ್ಟೆ ಮೂರನ್ನೂ ಬಿಟ್ಟು ಐದರಲ್ಲೇ ಲೆಕ್ಕ ಹಾಕ್ತಿದ್ರು. ನಾನು ಹೇಳೋದು ಪಕ್ಕದ ಮನೆಯೋರ ಜೊತೆ ಹೋಲಿಸಬೇಡಿ, ಅವರು ಹೋದ ವರ್ಷ ಹೇಗಿದ್ರೋ ಅದರ ಜೊತೆ ಹೋಲಿಸಿ ಅಂತ. ನಿಮ್ಮಪ್ಪ ನಾಳೆ ಕೊಬ್ಬರಿ ರೇಟು ತಪ್ಪು ಹೇಳೋಕೆ ಶುರು ಮಾಡಿದ್ರೆ ಅದೇ ನಿಮಗೆ ಗಂಟೆ.

ಎಂಎಸ್‌ಡಬ್ಲ್ಯೂ ವಿದ್ಯಾರ್ಥಿನಿ, ತುಮಕೂರು
ತೆಂಗು ಅಣ್ಣ ಎತ್ತಿದ ಪ್ರಶ್ನೆಗೆ ನಮ್ಮ ದೇಶದಲ್ಲೇ ಕೆಲಸ ಆಗಿದೆ. ಹರಿಯಾಣದ ಬಲ್ಲಭಗಡ ಅಂತ, ಅಲ್ಲಿನ ಹಳ್ಳಿಗಳಲ್ಲಿ ಓದು ಬರಹ ಇಲ್ಲದ ವಯಸ್ಸಾದವರಿಗೋಸ್ಕರವೇ ಒಂದು ಪಟ್ಟಿ ಮಾಡಿದ್ರು, 1999ರಲ್ಲಿ ಪ್ರಕಟ ಆಯ್ತು. ಮರೆವಿನ ಕಾಯಿಲೆ ಶುರುವಾಗಿದೆಯಾ ಅಂತ ಮೊದಲು ಸೋಸಿ ನೋಡೋಕೆ. ಅದರಲ್ಲಿ ಫೋನು, ಬ್ಯಾಂಕು ಇಲ್ಲ. ಊಟ ಮಾಡಿದ್ದು ಮರೆತು ಮತ್ತೆ ಕೇಳ್ತಾರಾ, ಊರೊಳಗೆ ದಾರಿ ತಪ್ಪುತ್ತಾ, ಒಬ್ಬರು ಹೇಳಿಕಳಿಸಿದ ಮಾತನ್ನ ಇನ್ನೊಬ್ಬರಿಗೆ ಮುಟ್ಟಿಸ್ತಾರಾ, ಹೋಳಿ ದೀಪಾವಳಿ ನೆನಪಿರುತ್ತಾ, ಮನೇಲಿ ಮದುವೆ ಮಾತು ಬಂದಾಗ ತಮ್ಮ ಅಭಿಪ್ರಾಯ ಹೇಳ್ತಾರಾ, ಇಂಥವು. ಮತ್ತೆ ಇವನ್ನ ಕೇಳೋದು ಜೊತೇಲಿರೋರನ್ನ.

ನಮ್ಮ ಕಡೆಗೆ ಹೋಳಿ ಜಾಗದಲ್ಲಿ ಯುಗಾದಿ, ಊರ ಜಾತ್ರೆ ಹಾಕ್ಕೊಂಡ್ರೆ ಆಯ್ತು. ದೀಪ ಹೊತ್ತುಕೊಳ್ಳೋ ದಿನ ತಂಬಿಟ್ಟು ಮಾಡೋದು ಮರೆತ್ರು ಅಂದ್ರೆ ಅದು ಸಣ್ಣ ವಿಷಯ ಅಲ್ಲ.

ತುಮಕೂರು ತೆಂಗು
ಇದು ಒಪ್ಪಬಹುದಾದ ಮಾತು. ಮದುವೆ ಮಾತಲ್ಲಿ ಬಾಯಿ ಹಾಕ್ತಾರಾ ಅನ್ನೋದು ನಿಜವಾದ ಪರೀಕ್ಷೆ.

ಕೋಲಾರಮ್ಮನ ಬೀದಿ
ಮೂಲ ಪ್ರಶ್ನೆ ಹಾಕಿರೋರೇ, ನಿಮ್ಮ ತಾಲ್ಲೂಕಲ್ಲೇ ಇದರ ಮೇಲೆ ದೊಡ್ಡ ಅಧ್ಯಯನ ನಡೀತಿದೆ, ಗೊತ್ತಾ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರೋ ಮೆದುಳು ಸಂಶೋಧನಾ ಕೇಂದ್ರದವರದ್ದು. ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ ಹತ್ತು ಸಾವಿರ ಜನರನ್ನ ವರ್ಷಗಟ್ಟಲೆ ಹಿಂಬಾಲಿಸೋ ಗುರಿ ಅವರದ್ದು. ರಕ್ತ, ನೆನಪು, ಮೆದುಳಿನ ಸ್ಕ್ಯಾನ್ ಎಲ್ಲ ನೋಡ್ತಾರೆ. ನಮ್ಮ ಚಿಕ್ಕಮ್ಮ ಹೋಗಿದ್ರು, ಒಂದಿಡೀ ದಿನ ಹಿಡೀತು, ಚೆನ್ನಾಗಿ ಮಾತಾಡಿಸಿದ್ರು ಅಂದ್ರು.

ಮಾವಿನತೋಪು, ಶ್ರೀನಿವಾಸಪುರ ತಾಲ್ಲೂಕು
ನಮ್ಮೂರಿಗೂ ವ್ಯಾನ್ ಬರ್ತಿತ್ತು, ಅಮ್ಮ ಹೋಗಲಿಲ್ಲ. ಹಸು ಯಾರು ನೋಡ್ಕೋತಾರೆ ಅಂದಳಂತೆ. ಇನ್ನೊಂದ್ಸಲ ವಿಚಾರಿಸ್ತೀನಿ.

ನಂದಿ ತಪ್ಪಲು, ಚಿಕ್ಕಬಳ್ಳಾಪುರ
ನಾನು ಫಿಸಿಯೋಥೆರಪಿಸ್ಟ್. ಬಾಯಿಮಾತಿನ ಹಾಳೆ ಪಕ್ಕಕ್ಕಿಡಿ, ಕಣ್ಣಲ್ಲಿ ನೋಡಿ. ಮನೇಲೇ ಆಗೋ ಸುಲಭ ಪರೀಕ್ಷೆ ಹೇಳ್ತೀನಿ. ಕೈಪಿಡಿ ಇರೋ ಕುರ್ಚಿ ಹಾಕಿ, ಅಲ್ಲಿಂದ ಮೂರು ಮೀಟರ್ ದೂರಕ್ಕೆ ಒಂದು ಗೆರೆ ಎಳೀರಿ. ಅಮ್ಮ ಎದ್ದು, ಮಾಮೂಲಿ ನಡಿಗೆಯಲ್ಲಿ ಗೆರೆವರೆಗೆ ಹೋಗಿ, ತಿರುಗಿ ಬಂದು ಕೂರಬೇಕು. ಮೊಬೈಲಲ್ಲಿ ಟೈಮ್ ನೋಡಿ. ಹನ್ನೆರಡು ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದ್ರೆ ಬೀಳೋ ಸಂಭವ ಇದೆ ಅಂತ ಲೆಕ್ಕ. ಪಕ್ಕದಲ್ಲಿ ಒಬ್ಬರು ನಿಂತಿರಲೇಬೇಕು. ಓಡಿಸಬೇಡಿ, ಕೆಲವರು ಮಗ ನೋಡ್ತಿದಾನೆ ಅಂತ ಜೋರಾಗಿ ನಡೆದು ಬೀಳ್ತಾರೆ.

ಆದ್ರೆ ನಮ್ಮ ಹಳ್ಳಿ ಮನೇಲಿ ಕುರ್ಚಿ ಎಷ್ಟು ಹೊತ್ತು ಉಪಯೋಗಿಸ್ತಾರೆ? ನಾನು ಅದಕ್ಕೆ ಎರಡು ಸೇರಿಸ್ತೀನಿ. ಒಂದು, ನೆಲದಲ್ಲಿ ಕೂತಿದ್ದೋರು ಏಳೋವಾಗ ಏನು ಹಿಡ್ಕೋತಾರೆ. ಗೋಡೆನಾ, ಕಂಬನಾ, ಸೊಸೆ ಭುಜನಾ, ಇಲ್ಲ ಮಂಡಿ ಮೇಲೆ ಕೈ ಊರ್ತಾರಾ. ಇನ್ನೊಂದು, ಕುಕ್ಕರಗಾಲಲ್ಲಿ ಕೂತು ಎದ್ದಾಗ ತಲೆ ತಿರುಗುತ್ತಾ.

ಸ್ನಾನ ಅಂದ್ರೆ ಒಂದೇ ಕೆಲಸ ಅಂದ್ಕೊಂಡಿದೀರ. ಬಿಡಿಸಿ ನೋಡಿ. ಸೌದೆ ತರಬೇಕು, ಹಂಡೆಗೆ ನೀರು ತುಂಬಬೇಕು, ಬಗ್ಗಿ ಉರಿ ಹಾಕಬೇಕು, ಬಚ್ಚಲ ಹೊಸ್ತಿಲು ದಾಟಬೇಕು, ಬಿಸಿನೀರು ತೋಡಬೇಕು, ತಗ್ಗಿನ ಮಣೆ ಮೇಲೆ ಕೂರಬೇಕು, ಒದ್ದೆ ಕಲ್ಲಿನ ಮೇಲೆ ಏಳಬೇಕು. ಇಷ್ಟರಲ್ಲಿ ಒಂದೇ ಒಂದು ಕಡೆ ಸಿಕ್ಕಿಹಾಕ್ಕೊಂಡ್ರೂ "ಸ್ನಾನ ಮಾಡಲ್ಲ" ಆಗುತ್ತೆ. ಯಾವ ಕಡೆ ಅಂತ ಹುಡುಕಿ. ಅದನ್ನ ಹುಡುಕದೆ ಅಮ್ಮನಿಗೆ ಆಗಲ್ಲ ಅಂತ ತೀರ್ಮಾನ ಮಾಡೋರನ್ನ ನೋಡಿದ್ರೆ ನನಗೆ ನಿಜವಾಗ್ಲೂ ಕೋಪ ಬರುತ್ತೆ.

ಪಾವಗಡ ಬಂಡೆ
ತಪ್ಪಲು ಸಾರ್ ಹೇಳಿದ್ದಕ್ಕೆ ನಮ್ಮಪ್ಪನೇ ಸಾಕ್ಷಿ. ನಮ್ಮ ಕಡೆ ಬೋರ್ ನೀರಲ್ಲಿ ಫ್ಲೋರೈಡ್ ಅಂತ ಎಲ್ಲರಿಗೂ ಗೊತ್ತು. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು, ನಮ್ಮ ತಾಲ್ಲೂಕಲ್ಲಿ ಅದನ್ನ ದಾಟಿದ ನೀರನ್ನೇ ತಲೆಮಾರು ಕುಡಿದಿದೆ. ಅಪ್ಪನಿಗೆ ಐವತ್ತೈದಕ್ಕೇ ಸೊಂಟ ಹಿಡೀತು, ಕುತ್ತಿಗೆ ತಿರುಗಲ್ಲ. ಯಾರಾದ್ರೂ ಹಿಂದಿಂದ ಕರೆದ್ರೆ ಇಡೀ ಮೈ ತಿರುಗಿಸಬೇಕು. ಜನ "ನಿಮ್ಮಪ್ಪ ಮಾತಾಡ್ಸಿದ್ರೂ ನೋಡಲ್ಲ, ಮಂಕಾಗಿದಾರೆ" ಅಂತಿದ್ರು. ತಲೆ ಚೆನ್ನಾಗೇ ಇದೆ ಅವರಿಗೆ. ಮೂಳೆ ಗಟ್ಟಿಯಾಗಿ ಹೋಗಿದೆ ಅಷ್ಟೇ.

ಹಾಳೇಲಿ "ಅಂಗಡಿಗೆ ಹೋಗ್ತಾರಾ" ಅಂತಿದೆ. ನಮ್ಮೂರಲ್ಲಿ ಕೇಳಬೇಕಿರೋದು ಶುದ್ಧ ನೀರಿನ ಘಟಕದಿಂದ ಕ್ಯಾನ್ ತರ್ತಾರಾ ಅಂತ. ಇಪ್ಪತ್ತು ಲೀಟರ್ ಅಂದ್ರೆ ಇಪ್ಪತ್ತು ಕೆ.ಜಿ. ತರೋಕಾಗದ ಮುದುಕರು ಏನು ಮಾಡ್ತಾರೆ? ಮನೆ ಮುಂದಿನ ನಲ್ಲಿ ಬೋರ್ ನೀರೇ ಕುಡೀತಾರೆ. ಕ್ಯಾನ್ ತರೋಕೆ ಆಗಲ್ಲ ಅನ್ನೋದೇ ಮತ್ತೆ ಮೂಳೆ ಕೆಡಿಸುತ್ತೆ. ಇದನ್ನ ಯಾವ ಹಾಳೆ ಕೇಳುತ್ತೆ ಹೇಳಿ.

ನಂದಿ ತಪ್ಪಲು, ಚಿಕ್ಕಬಳ್ಳಾಪುರ
ಇದನ್ನ ನಾನು ಬರ್ಕೊಂಡೆ. ನಮ್ಮ ಬಾಗೇಪಲ್ಲಿ ಕಡೆಯವರಿಗೂ ಇನ್ಮೇಲೆ ಕೇಳ್ತೀನಿ. ಹತ್ತು ಲೀಟರ್ ಕ್ಯಾನ್ ಎರಡು ಮಾಡಿ, ಇಲ್ಲ ಚಕ್ರ ಇರೋ ಸಣ್ಣ ಗಾಡಿ ಕೊಡಿಸಿ.

ಶಿಡ್ಲಘಟ್ಟ ಗೂಡು
ನಾನು ಸೊಸೆ ಕಡೆಯಿಂದ ಮಾತಾಡ್ತೀನಿ, ಯಾರೂ ಮಾತಾಡಲ್ಲ ಅದನ್ನ. ನಮ್ಮತ್ತೆಗೆ 78. ಹಾಲು ಮೂರು ಸಲ ತಳ ಹತ್ತಿ ಪಾತ್ರೆ ಕರಕಲಾಯ್ತು. ಒಂದು ಸಲ ಗ್ಯಾಸ್ ತಿರುಗಿಸಿ ಕಡ್ಡಿ ಗೀರೋದು ಮರೆತಿದ್ರು. ಪಕ್ಕದ ರೂಮಲ್ಲಿ ನನ್ನ ಮಗು ಮಲಗಿತ್ತು. ಅವತ್ತಿಂದ ಅಡುಗೆಮನೆಗೆ ಬರಬೇಡಿ ಅತ್ತೆ ಅಂದೆ. ಇಡೀ ಬೀದಿ ನನ್ನನ್ನ ಆಡ್ಕೊಳ್ತು.

ತುಮಕೂರು ತೆಂಗು
ತಂಗಿ, ಬೇಜಾರು ಮಾಡ್ಕೋಬೇಡ. ಐವತ್ತು ವರ್ಷ ಆಳಿದ ಅಡುಗೆಮನೆ ಕಿತ್ಕೊಂಡ್ರೆ ಅವರಿಗೆ ಇನ್ನೇನು ಉಳೀತು? ಕೂತಲ್ಲೇ ಕೂತು ಇರೋ ಬುದ್ಧಿಯೂ ಹೋಗುತ್ತೆ.

ಶಿಡ್ಲಘಟ್ಟ ಗೂಡು
ಅಣ್ಣ, ಗ್ಯಾಸ್ ವಾಸನೆ ಬಂದಾಗ ಕಿಟಕಿ ತೆಗೆಯೋಕೆ ಓಡಿದ್ದು ನಾನು. ನೀವಲ್ಲ. ಬೇಜಾರು ಮಾಡ್ಕೋತೀನಿ.

ಬಂಗಾರಪೇಟೆ ಪಾಸ್
ಅಕ್ಕ ಹೇಳೋದ್ರಲ್ಲಿ ನ್ಯಾಯ ಇದೆ. ದೂರ ಇರೋರು ಪ್ರೀತಿ ಮಾತಾಡ್ತಾರೆ, ಹತ್ತಿರ ಇರೋರು ಪಾತ್ರೆ ಉಜ್ಜುತಾರೆ.

ನಿವೃತ್ತ ಸಿಸ್ಟರ್, ಕೋಲಾರ
ಇಬ್ಬರೂ ಸ್ವಲ್ಪ ಕೇಳಿ. ಗೂಡು, ನೀನು ಮಾಡಿದ್ದು ಅವತ್ತಿಗೆ ಸರಿ ತಾಯಿ. ಮಗು ಇರೋ ಮನೆ. ಆದ್ರೆ ಒಲೆ ಹಚ್ಚೋದು, ಆರಿಸೋದು ಮಾತ್ರ ಅಪಾಯ. ಸೊಪ್ಪು ಬಿಡಿಸೋದು, ತೆಂಗಿನಕಾಯಿ ತುರಿಯೋದು, ಹಿತಕಿದ ಬೇಳೆಗೆ ಅವರೆಕಾಳು ಹಿದುಕೋದು, ಸಾರಿಗೆ ಉಪ್ಪು ಹುಳಿ ನೋಡಿ ಹೇಳೋದು ಅಪಾಯ ಅಲ್ಲ. ಗ್ಯಾಸ್ ನಿನ್ನ ಕೈಲಿರಲಿ, ಮಿಕ್ಕಿದ್ದು ಅವರಿಗೆ ವಾಪಸ್ ಕೊಡು. ತೆಂಗು ಅವರು ಹೇಳಿದ್ದರಲ್ಲೂ ನಿಜ ಇದೆ. ವಾರ್ಡಲ್ಲೇ ನೋಡಿದೀನಿ, ಮಗಳು ತುತ್ತು ಮಾಡಿ ತಿನ್ನಿಸಿ ತಿನ್ನಿಸಿ, ಹದಿನೈದು ದಿನಕ್ಕೆ ಅಜ್ಜಿ ಕೈ ಎತ್ತೋದೇ ಬಿಟ್ಟರು.

ಮತ್ತೆ ಇದು ಬಿಡಬಾರದ ಮಾತು: ಮತ್ತೆ ಮತ್ತೆ ಗ್ಯಾಸ್ ಮರೀತಾರೆ ಅಂದ್ರೆ ನೆನಪಿನ ಪರೀಕ್ಷೆ ಮಾಡಿಸಲೇಬೇಕು. ನಿಮ್ಹಾನ್ಸ್ ಮತ್ತೆ ರಾಜ್ಯ ಸರ್ಕಾರ ಸೇರಿ 2022ರಲ್ಲಿ ಮೆದುಳಿನ ಆರೋಗ್ಯದ ಯೋಜನೆ ಶುರು ಮಾಡಿದ್ರಲ್ಲ, ಬೆಂಗಳೂರಿನ ಜೊತೆ ಮೊದಲು ಆರಿಸಿಕೊಂಡಿದ್ದೇ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳನ್ನ. ಚಿಕ್ಕಬಳ್ಳಾಪುರ ಜಿಲ್ಲಾ ಆಸ್ಪತ್ರೇಲಿ ಮೆದುಳಿನ ಆರೋಗ್ಯ ಕ್ಲಿನಿಕ್ ಯಾವ ದಿನ ಅಂತ ಕೇಳು.

ಶಿಡ್ಲಘಟ್ಟ ಗೂಡು
ಸಿಸ್ಟರ್, ಇದುವರೆಗೂ ಯಾರೂ ಪರೀಕ್ಷೆ ಮಾಡಿಸು ಅಂತ ಹೇಳಿರಲಿಲ್ಲ. ವಯಸ್ಸಾಯ್ತು ಅಂತಲೇ ಅಂದ್ರು. ಈ ವಾರ ವಿಚಾರಿಸ್ತೀನಿ.

ಸೊಪ್ಪಿನ ಸಾರು
ಮಧ್ಯೆ ಬಾಯಿ ಹಾಕ್ತಿದೀನಿ. ನಮ್ಮಜ್ಜಿಗೆ ನಾವು ನೋಡೋ ಪರೀಕ್ಷೆ ಮುದ್ದೆ. ಗಂಟಿಲ್ಲದೆ ಹಿಟ್ಟು ತಿರುವಬೇಕಾದ್ರೆ ತೋಳಲ್ಲಿ ಬಲ ಬೇಕು, ಎಸರಿಗೆ ಹಿಟ್ಟು ಎಷ್ಟು ಅಂತ ಅಂದಾಜು ಬೇಕು, ಬಿಸಿ ತಡೆದು ಕಟ್ಟೋಕೆ ಅಂಗೈ ಬೇಕು. ಹೋದ ವರ್ಷದಿಂದ ಅಜ್ಜಿ ಮುದ್ದೆ ಗಂಟಾಗ್ತಿದೆ. ಯಾರೂ ಹೇಳಲ್ಲ, ಸುಮ್ಮನೆ ನುಂಗ್ತೀವಿ.

ಚಿಂತಾಮಣಿ ಕಡಲೆಕಾಯಿ
ಗಂಟಾದ್ರೆ ರಾಗಿ ಹಳೇದಿರಬಹುದು ಕಣಮ್ಮ. ಮಿಷನ್ ಹಿಟ್ಟು ದಪ್ಪ ಬಂದ್ರೂ ಆಗುತ್ತೆ.

ಸೊಪ್ಪಿನ ಸಾರು
ಅದೇ ಹಿಟ್ಟಲ್ಲಿ ಅಮ್ಮ ಮಾಡಿದ್ರೆ ಗಂಟಾಗಲ್ಲ. ಹಿಟ್ಟಲ್ಲ ಕಾರಣ.

ನಂದಿ ತಪ್ಪಲು, ಚಿಕ್ಕಬಳ್ಳಾಪುರ
ನೀವು ನೋಡಿರೋದು ಸರಿಯಾಗೇ ಇದೆ. ಹಿಡಿತ ಕಮ್ಮಿಯಾಗಿರಬಹುದು, ಇಲ್ಲ ಕಣ್ಣು ಮಂಜಾಗಿ ಹಿಟ್ಟು ಕಾಣ್ತಿಲ್ಲದೇ ಇರಬಹುದು. ಕೋಲು ಹಿಡಿದ ಕೈ ನೋಡಿ, ಮಧ್ಯದಲ್ಲಿ ನಿಲ್ಲಿಸಿ ಸುಧಾರಿಸ್ಕೋತಾರಾ ಅಂತ.

ಮುಳಬಾಗಿಲು ಆಶಾ
ನಾನು ಆಶಾ ಕಾರ್ಯಕರ್ತೆ. ಮನೆ ಮನೆಗೆ ಹೋಗ್ತೀನಿ, ಬಿಪಿ ಶುಗರ್ ನೋಡೋ ಗೃಹ ಆರೋಗ್ಯ ಯೋಜನೆ ನಮ್ಮ ಕೋಲಾರ ಜಿಲ್ಲೆಯಿಂದಲೇ ಶುರು ಆಗಿದ್ದು. ನಾನು ನೋಡಿರೋದು ಹೇಳ್ತೀನಿ. ಅಜ್ಜಿನ ಕೇಳಿದ್ರೆ ಮಗ ಉತ್ತರ ಹೇಳ್ತಾನೆ, ತಾತನ ಕೇಳಿದ್ರೆ ಸೊಸೆ ಹೇಳ್ತಾಳೆ. ಒಬ್ಬರೇ ಸಿಕ್ಕಾಗ ಅದೇ ಅಜ್ಜಿ ಬೇರೆ ಹೇಳ್ತಾರೆ. ಅದಕ್ಕೆ ನಾನು ನೀರು ಕೇಳ್ತೀನಿ. "ಅಜ್ಜಿ, ಒಂದು ಲೋಟ ನೀರು ಕೊಡಿ, ಬಾಯಾರಿದೆ" ಅಂತ. ಎದ್ದು, ಒಳಗೆ ಹೋಗಿ, ಹೊಸ್ತಿಲು ದಾಟಿ, ಲೋಟ ತುಳುಕದ ಹಾಗೆ ತಂದುಕೊಡೋವರೆಗೆ ನನಗೆ ಅರ್ಧ ಗೊತ್ತಾಗಿರುತ್ತೆ. ಅವರಿಗೂ ಪರೀಕ್ಷೆ ಅನ್ನಿಸಲ್ಲ, ಬಂದೋರಿಗೆ ನೀರು ಕೊಟ್ಟ ಸಮಾಧಾನ.

ಇನ್ನೊಂದು, ಸೊಸೈಟಿಲಿ ರೇಷನ್‌ಗೆ ಹೆಬ್ಬೆಟ್ಟು ತಗೊಳ್ಳಲ್ಲ, ಗೆರೆ ಸವೆದಿರುತ್ತೆ. ಎರಡು ಸಲ ವಾಪಸ್ ಕಳಿಸಿದ್ರೆ ಮೂರನೇ ಸಲ ಅಜ್ಜಿ ಹೋಗೋದೇ ಇಲ್ಲ. ಮನೆಯೋರು "ಅಜ್ಜಿಗೆ ರೇಷನ್ ತರೋಕೂ ಮರೆವು" ಅಂತಾರೆ. ಮರೆವಲ್ಲ ಅದು.

ನಿವೃತ್ತ ಸಿಸ್ಟರ್, ಕೋಲಾರ
ನೀರು ಕೇಳೋದು! ಮೂವತ್ತು ವರ್ಷದಲ್ಲಿ ನನಗೆ ಹೊಳೆದಿರಲಿಲ್ಲ ಕಣಮ್ಮ.

ಔಷಧಿ ಅಂಗಡಿ, ಗೌರಿಬಿದನೂರು
ಮಾತ್ರೆ ವಿಷಯಕ್ಕೆ ನಾನು. ಹಾಳೇಲಿ "ಮಾತ್ರೆ ತಾನೇ ತಗೋತಾರೆ" ಅಂತ ಟಿಕ್ ಹಾಕೋದು ಸುಲಭ. ನೀವು ಶೀಟು ಎಣಿಸಿದ್ರಲ್ಲ, ಅದೇ ಸರಿಯಾದ ದಾರಿ. ತಗೊಳ್ಳದೇ ಇರೋಕೆ ಮರೆವು ಒಂದೇ ಕಾರಣ ಅಲ್ಲ. ಅದೇ ಔಷಧಿ ಬೇರೆ ಕಂಪನಿದು ಬಂದ್ರೆ ಬಣ್ಣ ಬದಲಾಗುತ್ತೆ, "ಇದು ನಂದಲ್ಲ" ಅಂತ ಎತ್ತಿಡ್ತಾರೆ. ಕೆಲವರು ಮಾತ್ರೆ ನುಂಗಿದ್ರೆ ತಲೆ ತಿರುಗುತ್ತೆ ಅಂತ ಬಿಡ್ತಾರೆ, ಹೇಳಲ್ಲ. ಕೂತು ಎದ್ದಾಗ ಬಿಪಿ ಇಳಿಯೋದು ವಯಸ್ಸಾದವರಲ್ಲಿ ತುಂಬಾ ಸಾಮಾನ್ಯ. ಡಾಕ್ಟ್ರ ಹತ್ರ ಮಲಗಿದಾಗ ಒಂದ್ಸಲ, ನಿಂತಾಗ ಒಂದ್ಸಲ ಬಿಪಿ ನೋಡಿಸಿ. ಮತ್ತೆ ನಿದ್ದೆ ಮಾತ್ರೆ ಯಾರಾದ್ರೂ ಕೊಟ್ಟಿದಾರಾ ನೋಡಿ, ರಾತ್ರಿ ಬೀಳೋಕೆ ಅದೂ ಕಾರಣ ಆಗುತ್ತೆ.

ನಾನು ಶೀಟಿನ ಮೇಲೆ ಸೂರ್ಯ, ಚಂದ್ರ ಬರ್ದು ಕೊಡ್ತೀನಿ. ಓದು ಬರದೋರಿಗೆ ಅದು ಸಾಕು.

ಚಿಂತಾಮಣಿ ಕಡಲೆಕಾಯಿ
ನಮ್ಮಪ್ಪನಿಗೆ ಲಕ್ವ ಹೊಡೆದಾಗ ಇನ್ನೊಂದು ಪಟ್ಟಿ ಹಾಕ್ತಿದ್ರು, ಬಾರ್ತೆಲ್ ಅಂತ. ಹತ್ತು ವಿಷಯ, ನೂರು ಅಂಕ, ಐದೈದರ ಲೆಕ್ಕ. ಮೊದಲ ವಾರ 30, ಮೂರು ತಿಂಗಳಿಗೆ 85. ತೆಂಗು ಅಣ್ಣನಿಗೆ ಹೇಳ್ತೀನಿ, ನಂಬರ್ ಕೆಟ್ಟದ್ದಲ್ಲ. ಅಪ್ಪ ಸುಧಾರಿಸ್ತಿಲ್ಲ ಅಂತ ಅಮ್ಮ ಅಳ್ತಿದ್ದಾಗ ಆ ಹಾಳೆ ತೋರಿಸಿದ್ವಿ. ಆದ್ರೆ ಡಾಕ್ಟ್ರು ಆಗಲೇ ಎಚ್ಚರಿಸಿದ್ರು, ನೂರಕ್ಕೆ ನೂರು ಬಂದ್ರೂ ಒಬ್ಬರೇ ಇರಬಲ್ಲರು ಅಂತ ಅರ್ಥ ಅಲ್ಲ, ಅಡುಗೆ, ಮನೆ ನಿಭಾಯಿಸೋದು ಇದರೊಳಗೆ ಇಲ್ಲ ಅಂತ.

ತುಮಕೂರು ತೆಂಗು
ಒಂದೇ ಮನುಷ್ಯನ ಹಿಂದಿನ ವಾರಕ್ಕೆ ಹೋಲಿಸೋದಾದ್ರೆ ಒಪ್ತೀನಿ. ನಂಬರ್ ನೋಡಿ ಊರು ಬಿಡಿಸೋದಾದ್ರೆ ಒಪ್ಪಲ್ಲ.

ಔಷಧಿ ಅಂಗಡಿ, ಗೌರಿಬಿದನೂರು
ಒಂದು ಮರೆತೆ, ಮುಖ್ಯವಾದದ್ದು. ಇವೆಲ್ಲ ತಿಂಗಳುಗಟ್ಟಲೆ ನಿಧಾನಕ್ಕೆ ಆಗೋ ಬದಲಾವಣೆಗೆ. ನಿನ್ನೆವರೆಗೆ ಚೆನ್ನಾಗಿದ್ದೋರು ಎರಡು ದಿನದಲ್ಲಿ ಮಂಕಾದ್ರೆ, ಮಾತು ತೊದಲಿದ್ರೆ, ಹಗಲು ರಾತ್ರಿ ಗೊತ್ತಾಗದೆ ಬಡಬಡಿಸಿದ್ರೆ ಅದು ವಯಸ್ಸಲ್ಲ. ಮೂತ್ರದ ಸೋಂಕು, ಸೋಡಿಯಂ ಇಳಿದಿರೋದು, ಲಕ್ವ, ಏನಾದ್ರೂ ಇರಬಹುದು. ಅವತ್ತೇ ಆಸ್ಪತ್ರೆಗೆ ಹೋಗಬೇಕು. ನಾಳೆ ನೋಡೋಣ ಅನ್ನಬಾರದು.

ಮಾವಿನತೋಪು, ಶ್ರೀನಿವಾಸಪುರ ತಾಲ್ಲೂಕು
ಎರಡು ವಾರ ಆಯ್ತು, ಬಂದು ಹೇಳ್ತೀನಿ ಅಂತ ಇದ್ದೆ. ಮೂರು ದಿನ ರಜೆ ಹಾಕಿ ಊರಲ್ಲಿದ್ದೆ. ಅಕ್ಕನೂ ಬಂದಳು. ಏನೂ ಸಹಾಯ ಮಾಡಲ್ಲ, ಬರೀ ನೋಡ್ತೀವಿ ಅಂತ ಇಬ್ಬರೂ ಮಾತಾಡ್ಕೊಂಡ್ವಿ. ಎಷ್ಟು ಕಷ್ಟ ಅಂತ ಆಗಲೇ ಗೊತ್ತಾಗಿದ್ದು. ಅಮ್ಮ ಹಾಲಿನ ಕ್ಯಾನ್ ಎತ್ತೋವಾಗ ಕೈ ತಾನೇ ಮುಂದೆ ಹೋಗುತ್ತೆ.

ಮೊದಲು ಆಶಾ ಅಕ್ಕ ಹೇಳಿದ ಹಾಗೆ ನೀರು ಕೇಳಿದೆ. ಎದ್ದು ತಂದುಕೊಟ್ಟಳು, ಆದ್ರೆ ಹೊಸ್ತಿಲ ಹತ್ರ ನಿಂತು ಕಾಲಲ್ಲಿ ತಡಕಾಡಿ ದಾಟಿದಳು. ಮೂರು ಮೀಟರ್ ನಡಿಗೆ ಹದಿನಾಲ್ಕು ಸೆಕೆಂಡ್.

ಸ್ನಾನ. ಬಚ್ಚಲ ಬಲ್ಬ್ ಹೋಗಿ ನಾಲ್ಕು ತಿಂಗಳಾಗಿದೆ. ಕತ್ತಲಲ್ಲಿ ಒದ್ದೆ ಕಲ್ಲು, ಒಂದ್ಸಲ ಜಾರಿದಾಳೆ, ನಮಗೆ ಹೇಳಿಲ್ಲ. ಅಂದಿನಿಂದ ಹಿತ್ತಲ ಕಲ್ಲಿನ ಮೇಲೆ ಬಿಸಿಲಲ್ಲಿ ಒಂದು ಬಕೆಟ್ ಇಟ್ಟು, ಮಧ್ಯಾಹ್ನ ಯಾರೂ ಇಲ್ಲದಾಗ ಮೈ ತೊಳ್ಕೋತಾಳೆ. ಅಂದ್ರೆ ಸ್ನಾನ ಬಿಟ್ಟಿರಲಿಲ್ಲ, ತನಗೆ ಗೊತ್ತಾದ ದಾರಿ ಹುಡುಕ್ಕೊಂಡಿದ್ದಳು. ಸಿಸ್ಟರ್, ನೀವು ಕೇಳಿದ ರೀತಿಯಲ್ಲೇ "ನಿನ್ನೆ ನೀರು ಯಾರು ತೋಡಿದ್ರು" ಅಂತ ಕೇಳಿದ್ದಕ್ಕೆ ಇದು ಹೊರಗೆ ಬಂತು.

ಮಾತ್ರೆ. ಔಷಧಿ ಅಂಗಡಿ ಸಾರ್ ಬಾಯಿಗೆ ಸಕ್ಕರೆ ಹಾಕಬೇಕು. ಬಿಳಿ ಹೋಗಿ ಗುಲಾಬಿ ಬಂದಿತ್ತು. "ಯಾರದ್ದೋ ಮಾತ್ರೆ ಕೊಟ್ಟವ್ರೆ, ನಿಂಗೆ ಹೇಳಿದ್ರೆ ಅಂಗಡಿಯೋನ ಹತ್ರ ಜಗಳಕ್ಕೆ ಹೋಗ್ತೀಯ" ಅಂದಳು.

ಕಣ್ಣು ತೋರಿಸಿದ್ವಿ, ಎರಡರಲ್ಲೂ ಪೊರೆ, ಬಲಗಣ್ಣಲ್ಲಿ ಜಾಸ್ತಿ. ಹೊಸ್ತಿಲು ತಡಕೋದು, ಬ್ಯಾಂಕ್ ಸ್ಲಿಪ್ ತುಂಬಿಸೋಕೆ ಯಾರನ್ನೋ ಕೇಳೋಕೆ ನಾಚಿಕೆ, ಎಲ್ಲ ಅಲ್ಲಿಗೇ ಬಂತು.

ಆದ್ರೆ ಇದನ್ನೂ ಬರೀಬೇಕು. ಅಕ್ಕ ಗಮನಿಸಿದ್ದು. ಪಕ್ಕದ ಮನೆಯೋರು ಸೀಮಂತಕ್ಕೆ ಶುಕ್ರವಾರ ಅಂತ ಅಕ್ಕನಿಗೆ ಹೇಳೋಕೆ ಹೇಳಿದ್ರಂತೆ. ಅಮ್ಮ ಹೇಳಲೇ ಇಲ್ಲ. ಕೇಳಿದ್ರೆ "ನಂಗ್ಯಾರು ಹೇಳಿದ್ರು" ಅಂದಳು. ಒಂದೇ ದಿನ ಟೊಮೊಟೊ ಬಾಕ್ಸ್ ರೇಟು ನನ್ನ ಮೂರು ಸಲ ಕೇಳಿದಳು. ಅಕ್ಕ ಅವತ್ತಿಂದ "ಚೆನ್ನಾಗೇ ಇದಾಳೆ" ಅನ್ನೋದು ನಿಲ್ಲಿಸಿದಾಳೆ.

ಕೋಲಾರದಲ್ಲಿ ನೆನಪಿನ ಪರೀಕ್ಷೆಗೆ ತೋರಿಸಿದ್ವಿ. ಬಿ12, ಥೈರಾಯಿಡ್ ರಕ್ತಕ್ಕೆ ಬರ್ಕೊಟ್ಟಿದಾರೆ, ಕಣ್ಣಿನ ಆಪರೇಷನ್ ಆದ್ಮೇಲೆ ಮೂರು ತಿಂಗಳಿಗೆ ಮತ್ತೆ ನೋಡೋಣ ಅಂದ್ರು. ಅಲ್ಲಿವರೆಗೆ ಅಮ್ಮ ಊರಲ್ಲೇ. ವಾರಕ್ಕೊಂದ್ಸಲ ನಾನೋ ಅಕ್ಕನೋ. ಅಣ್ಣ ಇನ್ನೂ ಒಪ್ಪಿಲ್ಲ, "ಏನಾದ್ರೂ ಆದ್ರೆ ನೀನೇ ಜವಾಬ್ದಾರಿ" ಅಂದಿದಾನೆ. ಅವನ ಭಯವೂ ಅಮ್ಮನ ಮೇಲಿನ ಪ್ರೀತಿಯಿಂದಲೇ ಬಂದಿದ್ದು, ನಾನೇನೂ ಎದುರು ಮಾತಾಡಲಿಲ್ಲ.

ಬಂಗಾರಪೇಟೆ ಪಾಸ್
ನಾಲ್ಕು ತಿಂಗಳು ಕತ್ತಲಲ್ಲಿ. ನಾನು ಇವತ್ತೇ ಊರಿಗೆ ಫೋನ್ ಮಾಡಿ ಬಚ್ಚಲ ಬಲ್ಬ್ ಕೇಳ್ತೀನಿ.

ಎಂಎಸ್‌ಡಬ್ಲ್ಯೂ ವಿದ್ಯಾರ್ಥಿನಿ, ತುಮಕೂರು
ಸೀಮಂತದ ಸುದ್ದಿ ಮುಟ್ಟಿಸದೇ ಇದ್ದಿದ್ದು ನಾನು ಹೇಳಿದ ಪಟ್ಟಿಯಲ್ಲೇ ಇರೋ ವಿಷಯ ಅಣ್ಣ. ಒಂದ್ಸಲಕ್ಕೆ ಏನೂ ತೀರ್ಮಾನ ಮಾಡೋಕಾಗಲ್ಲ. ಆದ್ರೆ ತಾರೀಕು ಹಾಕಿ ಬರ್ದಿಡಿ, ಮೂರು ತಿಂಗಳಿಗೆ ಡಾಕ್ಟ್ರಿಗೆ ತೋರಿಸಿ.

ಶಿಡ್ಲಘಟ್ಟ ಗೂಡು
ನಮ್ಮತ್ತೆಗೆ ಮುಂದಿನ ಬುಧವಾರ ಅಂತ ಹೇಳಿದಾರೆ. ನಿನ್ನೆ ಎರಡು ಸೇರು ಅವರೆಕಾಳು ಹಿದುಕಿಕೊಟ್ಟರು. ಒಂದೂ ಸಿಪ್ಪೆ ಇರಲಿಲ್ಲ ಅದರಲ್ಲಿ.

ತುಮಕೂರು ತೆಂಗು
ತಂಗಿ, ಅವತ್ತು ನಾನು ದುಡುಕಿ ಬರೆದೆ. ಕ್ಷಮಿಸು.

ಮಾವಿನತೋಪು, ಶ್ರೀನಿವಾಸಪುರ ತಾಲ್ಲೂಕು
ತಪ್ಪಲು ಸಾರ್, ಬಲ್ಬ್ ಹಾಕಿಸಿದೆ, ಎತ್ತರದ ಸ್ಟೂಲ್ ತಂದೆ. ಹಿಡ್ಕೊಳ್ಳೋಕೆ ಗೋಡೆಗೆ ಪೈಪ್ ಹಾಕಿಸಬೇಕು. ಎಷ್ಟು ಎತ್ತರಕ್ಕೆ?

ನಂದಿ ತಪ್ಪಲು, ಚಿಕ್ಕಬಳ್ಳಾಪುರ
ಅಮ್ಮ ನಿಂತಾಗ ಸೊಂಟದ ಮಟ್ಟಕ್ಕೆ ಒಂದು ಅಡ್ಡ, ಸ್ಟೂಲ್ ಪಕ್ಕ ಏಳೋಕೆ ಒಂದು ಉದ್ದ. ಪೈಪ್ ಒಂದೂಕಾಲಿಂದ ಒಂದೂವರೆ ಇಂಚು ದಪ್ಪ ಇರಲಿ, ಗೋಡೆಗೂ ಪೈಪಿಗೂ ಒಂದೂವರೆ ಇಂಚು ಜಾಗ ಬಿಡಿ, ಬೆರಳು ಹೋಗಬೇಕು. ಹಳೇ ಮಣ್ಣಿನ ಗೋಡೆ ಆದ್ರೆ ಸ್ಕ್ರೂ ನಿಲ್ಲಲ್ಲ, ಎರಡೂ ಕಡೆ ಹಿಡಿಯೋ ಹಾಗೆ ಪ್ಲೇಟ್ ಹಾಕಿಸಿ. ಹಾಕಿದ್ಮೇಲೆ ನೀವೇ ಜೋತುಬಿದ್ದು ನೋಡಿ, ಆಮೇಲೆ ಅಮ್ಮನಿಗೆ ಬಿಡಿ.

ಮಾವಿನತೋಪು, ಶ್ರೀನಿವಾಸಪುರ ತಾಲ್ಲೂಕು
ಮಣ್ಣಿನ ಗೋಡೆಯೇ ಸಾರ್. ಪ್ಲೇಟ್ ಹಾಕಿಸ್ತೀನಿ. ಹಿತ್ತಲ ಕಲ್ಲಿನ ಹತ್ರನೂ ಒಂದು ಗೂಟ ನೆಡಿಸು ಅಂತಿದಾಳೆ ಅಮ್ಮ, ಬಿಸಿಲು ಬಿದ್ದಾಗ ಅಲ್ಲೇ ಹಿತ ಅಂತ. ಎರಡೂ ಮಾಡಿಸ್ತಿದೀನಿ.